ಇದು ಪ್ರಾರ್ಥನೆಯಾ, ವ್ಯಾಯಾಮವಾ? ಒನ್-ನಾರ್ತ್‌ನಲ್ಲಿ ಸಿಕ್ಕ ಮೈಸೂರು

ಭಾಗ 1: ನಾನು ಹೇಳಿದ ಸುಳ್ಳು

ಹೋದ ಸಲದ ಸರಣಿಯಲ್ಲಿ ನೈಟ್ ಡ್ಯೂಟಿ ಕಥೆ ಬರೆದಿದ್ದೆ. ಈ ಸಲ ಸ್ವಲ್ಪ ಇತಿಹಾಸ. ನಾನು ಇತಿಹಾಸ ಓದಿದವಳಲ್ಲ, ಬಿಎಸ್ಸಿ ನರ್ಸಿಂಗ್ ಮಾಡಿ ಸಿಂಗಪುರಕ್ಕೆ ಬಂದ ಹಾಸನ ಜಿಲ್ಲೆಯ ಹುಡುಗಿ. ಆದರೆ ಒಬ್ಬರಿಗೆ ಒಂದು ಸುಳ್ಳು ಹೇಳಿಬಿಟ್ಟೆ. ಅದನ್ನು ಸರಿಮಾಡಲು ರಜೆ ದಿನಗಳಲ್ಲೆಲ್ಲ ಕೂತು ಓದಬೇಕಾಯಿತು. ಓದಿದ್ದನ್ನು ಆರು ಭಾಗ ಮಾಡಿ ಹಾಕುತ್ತಿದ್ದೇನೆ.

ನಾನಿರುವುದು ಒನ್-ನಾರ್ತ್ ಪಕ್ಕದಲ್ಲಿ. ಸಿಂಗಪುರ ಭೂಮಧ್ಯರೇಖೆಯಿಂದ ಸುಮಾರು ಒಂದು ಡಿಗ್ರಿ ಉತ್ತರಕ್ಕಿದೆಯಲ್ಲ, ಅದಕ್ಕೇ ಈ ಹೆಸರು. ಬಯೋಪೊಲಿಸ್, ಫ್ಯೂಷನೊಪೊಲಿಸ್ ಎಂದು ದೊಡ್ಡ ದೊಡ್ಡ ಗಾಜಿನ ಕಟ್ಟಡಗಳು, ಒಳಗೆ ಲ್ಯಾಬು, ಸಾಫ್ಟ್‌ವೇರ್ ಆಫೀಸು. ಸಂಜೆ ಏಳಕ್ಕೆ ಅಲ್ಲಿಂದ ಹೊರಬರುವ ಜನರಲ್ಲಿ ಅರ್ಧಕ್ಕರ್ಧ ಮಂದಿಯ ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದು ಹೆಗಲಲ್ಲಿ ಸುತ್ತಿದ ಯೋಗ ಮ್ಯಾಟು.

ನನ್ನ ವಾರ್ಡಿನಲ್ಲಿ ಒಬ್ಬಳು ಫಿಲಿಪ್ಪೀನ್ಸಿನ ನರ್ಸ್ ಇದ್ದಾಳೆ. ನಾವೆಲ್ಲ ‘ಆತೆ’ ಅನ್ನುತ್ತೇವೆ, ಅವರ ಭಾಷೆಯಲ್ಲಿ ಅಕ್ಕ. ವರ್ಷಗಟ್ಟಲೆ ರೋಗಿಗಳನ್ನು ಮಗ್ಗುಲು ಹೊರಳಿಸಿ, ಎತ್ತಿ ಕೂರಿಸಿ, ಅವಳ ಸೊಂಟ ಹೋಗಿದೆ. ಯೋಗ ಮಾಡಿ ನೋಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರಂತೆ. ಒನ್-ನಾರ್ತ್‌ನ ಒಂದು ಸ್ಟುಡಿಯೋ ಮುಂದೆ ‘ಮೈಸೂರು ಸ್ಟೈಲ್’ ಅಂತ ಬೋರ್ಡಿತ್ತು. “ನಿಮ್ಮೂರಿನದಲ್ವಾ, ನೀನೂ ಬಾ” ಎಂದು ನನ್ನನ್ನೂ ಎಳೆದುಕೊಂಡು ಹೋದಳು. ನಾನು ಓದಿದ್ದು ಮೈಸೂರಲ್ಲಿ. ಅಲ್ಲಿದ್ದ ನಾಲ್ಕು ವರ್ಷದಲ್ಲಿ ಒಂದು ದಿನವೂ ಯೋಗ ಮಾಡಿರಲಿಲ್ಲ, ಅದು ಬೇರೆ ಮಾತು.

ಟೀಚರ್ ಇಲ್ಲಿಯದೇ ಚೀನೀ ಹೆಣ್ಣುಮಗಳು. ಮೈಸೂರಿನ ಗೋಕುಲಂನಲ್ಲಿ ಮೂರು ತಿಂಗಳು ಇದ್ದು ಕಲಿತವಳು. ಶನಿವಾರ ಎಲ್ಲರೂ ಒಟ್ಟಿಗೆ ಮಾಡುವ ಕ್ಲಾಸು. ಎಲ್ಲರೂ ಮ್ಯಾಟಿನ ತುದಿಯಲ್ಲಿ ನಿಂತೆವು, ಕೈ ಮುಗಿದೆವು. ಅವಳು ಸಂಸ್ಕೃತದಲ್ಲಿ ಶ್ಲೋಕ ಶುರುಮಾಡಿದಳು. ನನಗಿಂತ ಸ್ಪಷ್ಟವಾದ ಉಚ್ಚಾರ! ಆತೆಯ ಮುಗಿದ ಕೈ ಮೆಲ್ಲಗೆ ಕೆಳಗಿಳಿಯಿತು. ಸದ್ದಿಲ್ಲದೆ ಮ್ಯಾಟ್ ಸುತ್ತಿಕೊಂಡು ಹೊರಗೆ ಹೋದಳು. ಆತೆ ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು. ಬೇರೆ ದೇವರ ಮುಂದೆ ಕೈ ಮುಗಿದೆನೇನೋ ಅಂತ ಅವಳಿಗೆ ಅನ್ನಿಸಿತ್ತು.

ಸೋಮವಾರ ಪ್ಯಾಂಟ್ರಿಯಲ್ಲಿ ಕೇಳಿದಳು: “ನೀನು ಆ ಊರಿನವಳು. ನಿಜ ಹೇಳು. ಅದು ಪ್ರಾರ್ಥನೆಯಾ, ವ್ಯಾಯಾಮವಾ?”

“ಅಯ್ಯೋ, ಬರೀ ವ್ಯಾಯಾಮ ಕಣೇ” ಅಂದುಬಿಟ್ಟೆ.

ಪಕ್ಕದಲ್ಲೇ ನಮ್ಮ ಸೀನಿಯರ್, ನಾವು ‘ಕಾಕ್’ ಎನ್ನುವ ಮಲಯ್ ಮುಸ್ಲಿಂ ಅಕ್ಕ, ಟೀ ಕಲಕುತ್ತಿದ್ದರು. ತಲೆ ಎತ್ತದೆ ಕೇಳಿದರು: “ಹಾಗಾದರೆ ಅವರು ಕಣ್ಣು ಮುಚ್ಚಿಕೊಂಡು ಹೇಳಿದ್ದೇನು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಉತ್ತರ ಕೊಟ್ಟಿದ್ದೆ. ಆಪರೇಷನ್‌ಗೆ ಮುಂಚೆ ರೋಗಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು, ಹೆದರುತ್ತಾರೆ ಅಂತ ಅರ್ಧ ಮುಚ್ಚಿಡಬಾರದು. ಇದು ನಮಗೆ ಮೊದಲ ವರ್ಷದಲ್ಲೇ ಕಲಿಸಿದ ಪಾಠ. ನಾನು ಅದನ್ನೇ ಮುರಿದಿದ್ದೆ.

ಭಾಗ 2: ಬೇರು ಎಲ್ಲೆಲ್ಲಿ ಹೋಗಿದೆ

ಮೊದಲು ಶ್ಲೋಕದ ಅರ್ಥ ಹುಡುಕಿದೆ. ಗುರುಗಳ ಪಾದಕ್ಕೆ ವಂದನೆ. ಆಮೇಲೆ ಶಂಖ ಚಕ್ರ ಖಡ್ಗ ಹಿಡಿದ, ಸಾವಿರ ಹೆಡೆಯ ಪತಂಜಲಿಗೆ ವಂದನೆ. ಅಂದರೆ ಆದಿಶೇಷನ ಅವತಾರ ಎಂದು ನಂಬಿರುವ ಪತಂಜಲಿ. ಇದನ್ನು ಪ್ರಾರ್ಥನೆ ಅಲ್ಲ ಅಂದರೆ ನಮ್ಮಜ್ಜಿ ನಗುತ್ತಾಳೆ.

ಆದರೆ ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಪತಂಜಲಿಯ ಯೋಗಸೂತ್ರಗಳು ಇನ್ನೂರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಆಸನದ ಮಾತು ಬರುವುದು ಎರಡು ಮೂರು ಕಡೆ ಮಾತ್ರ. ಅಲುಗದೆ ಸುಖವಾಗಿ ಕೂರಬೇಕು ಅನ್ನುವುದೇ ಅದರ ಸಾರ. ತಲೆಕೆಳಗಾಗಿ ನಿಲ್ಲುವುದು, ಕಾಲನ್ನು ಕತ್ತಿನ ಹಿಂದೆ ಹಾಕುವುದು ಅಲ್ಲಿಲ್ಲ. ಈಶ್ವರ ಎನ್ನುವ ಮಾತಿದೆ, ಓಂಕಾರ ಅವನ ಹೆಸರು ಎಂದೂ ಇದೆ. ಆದರೆ ಆ ಈಶ್ವರ ಶಿವನೋ ವಿಷ್ಣುವೋ ಎಂದು ಸೂತ್ರ ಹೇಳುವುದಿಲ್ಲ.

ದೇಹ ಬಗ್ಗಿಸುವ ಹಠಯೋಗ ಬಂದಿದ್ದು ಮುಖ್ಯವಾಗಿ ಸಿದ್ಧರು, ನಾಥರು ಮುಂತಾದವರ ದಾರಿಯಲ್ಲಿ. ಸುಮಾರು 15ನೇ ಶತಮಾನದ ‘ಹಠಯೋಗ ಪ್ರದೀಪಿಕಾ’ ಶುರುವಾಗುವುದೇ ಆದಿನಾಥನಿಗೆ, ಅಂದರೆ ಶಿವನಿಗೆ ನಮಸ್ಕರಿಸಿ. ಆ ಪುಸ್ತಕದಲ್ಲಿ ಹಿಂದಿನ ಸಿದ್ಧರ ಪಟ್ಟಿ ಬರುತ್ತದೆ. ಮತ್ಸ್ಯೇಂದ್ರ, ಗೋರಕ್ಷ ಎಂದೆಲ್ಲ ಓದುತ್ತಾ ಹೋದವಳು ಒಂದು ಹೆಸರಿನ ಹತ್ತಿರ ನಿಂತೆ. ಅಲ್ಲಮಪ್ರಭುದೇವ! ನಮ್ಮ ಬಳ್ಳಿಗಾವಿಯ ಅಲ್ಲಮ. ಶಾಲೆಯಲ್ಲಿ ಅವರ ವಚನ ಬಾಯಿಪಾಠ ಮಾಡಿದ್ದೆ. ಹಠಯೋಗದ ಗ್ರಂಥದಲ್ಲಿ ಅವರ ಹೆಸರಿದೆ ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ದೇಹ ದಂಡಿಸುವ ಯೋಗಸಾಧನೆಯನ್ನು ತಮ್ಮ ವಚನಗಳಲ್ಲಿ ಖಾರವಾಗಿ ಟೀಕಿಸಿದವರೂ ಅದೇ ಅಲ್ಲಮ ಅನ್ನುವುದು ಇನ್ನೊಂದು ತಮಾಷೆ.

ಮಂಗಳೂರಿನವರಿಗೆ ಕದ್ರಿ ಗೊತ್ತು. ಮಂಜುನಾಥನ ಗುಡಿ, ಮೇಲೆ ಜೋಗಿ ಮಠ. ಅದು ನಾಥಪಂಥದವರ ಮಠ. ಅದೇ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ 968ರದ್ದು, ಅದು ಬೌದ್ಧರ ಬೋಧಿಸತ್ವ. ನಮ್ಮ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಬನ್ನಿ. ಬಾಹುಬಲಿ ಕಾಯೋತ್ಸರ್ಗದಲ್ಲಿ ನಿಂತು ಸಾವಿರ ವರ್ಷ ದಾಟಿದೆ. ಬಳ್ಳಿ ಹಬ್ಬಿದರೂ ಅಲುಗದೆ ನಿಂತ ಆ ನಿಲುವು ಜೈನರ ಯೋಗ.

ಹಾಗಾಗಿ ಯೋಗಕ್ಕೂ ಹಿಂದೂ ಧರ್ಮಕ್ಕೂ ಸಂಬಂಧವೇ ಇಲ್ಲ ಅನ್ನುವುದು ಸುಳ್ಳು. ಅದು ಹಿಂದೂಗಳದ್ದು ಮಾತ್ರ ಅಂದರೂ ಪೂರ್ತಿ ನಿಜವಲ್ಲ. ಶೈವರು, ವೈಷ್ಣವರು, ಜೈನರು, ಬೌದ್ಧರು ಒಂದೇ ಕೆರೆಯ ನೀರು ಕುಡಿದಿದ್ದಾರೆ. ಕೆರೆಯ ಏರಿ ಕಟ್ಟಿ ಕಾಪಾಡಿದ್ದರಲ್ಲಿ ಹೆಚ್ಚಿನ ಪಾಲು ಇಂದು ನಾವು ಹಿಂದೂ ಎನ್ನುವ ಪರಂಪರೆಗಳದ್ದು. ಇದು ನನಗೆ ಅರ್ಥವಾದ ಮೊದಲ ವಿಷಯ.

ಭಾಗ 3: ಜಗನ್ಮೋಹನ ಅರಮನೆಯ ಆ ಶಾಲೆ

ಈ ಹಳೆಯ ಸಾಧನೆ ಒನ್-ನಾರ್ತ್‌ನ ಸ್ಟುಡಿಯೋದವರೆಗೆ ಬಂದ ದಾರಿ ಮೈಸೂರು ಅರಮನೆಯ ಬಾಗಿಲಿನಿಂದ ಹಾದುಹೋಗುತ್ತದೆ. ಒಂದು ಸಲ ಅಲ್ಲ, ಮೂರು ಸಲ.

ಮೊದಲನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಅವರು ಮಾಡಿಸಿದ ‘ಶ್ರೀತತ್ತ್ವನಿಧಿ’ ದೊಡ್ಡ ಚಿತ್ರಗ್ರಂಥ. ಅದರ ಒಂದು ಭಾಗದಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವ ಆಸನಗಳೂ ಸೇರಿ. ನಾರ್ಮನ್ ಶೋಮನ್ ಎಂಬ ವಿದ್ವಾಂಸರು 1996ರಲ್ಲಿ ಅದನ್ನು ಪ್ರಕಟಿಸಿದ ಮೇಲೆ ಹೊರಗಿನ ಜಗತ್ತಿಗೆ ಗೊತ್ತಾಯಿತು.

ಎರಡನೆಯದು ಚಾಮರಾಜೇಂದ್ರ ಒಡೆಯರದು. 1892ರಲ್ಲಿ ವಿವೇಕಾನಂದರು ಮೈಸೂರಿಗೆ ಬಂದಾಗ ಅರಮನೆಯ ಅತಿಥಿಯಾಗಿದ್ದರು. ಮರುವರ್ಷ ಷಿಕಾಗೋ ಭಾಷಣ. 1896ರಲ್ಲಿ ಅವರ ‘ರಾಜಯೋಗ’ ಪುಸ್ತಕ ಬಂತು. ಅಮೆರಿಕಕ್ಕೆ ಅವರು ಕೊಂಡೊಯ್ದ ಯೋಗ ಮನಸ್ಸಿನದು, ಧ್ಯಾನದ್ದು. ಹಠಯೋಗದ ಆಸನಗಳ ಬಗ್ಗೆ ಅವರಿಗೆ ಅಷ್ಟೇನೂ ಒಲವಿರಲಿಲ್ಲ.

ಮೂರನೆಯದು ನಾಲ್ವಡಿಯವರದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರನ್ನು ಅವರು ಮೈಸೂರಿಗೆ ಕರೆಸಿಕೊಂಡರು. ಸಂಸ್ಕೃತ ಪಾಠಶಾಲೆಯಲ್ಲಿ ಕೆಲಸ ಕೊಟ್ಟರು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನೇ ಯೋಗಶಾಲೆಗೆ ಬಿಟ್ಟುಕೊಟ್ಟರು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಜಗನ್ಮೋಹನಕ್ಕೆ ನಾನು ಹೋಗಿದ್ದೆ. ನರ್ಸಿಂಗ್ ಹುಡುಗಿಯರೆಲ್ಲ ಸಾಲಾಗಿ ಹೋಗಿ, ಹಳದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತು, “ನಮ್ಮ ಥರಾನೇ, ಲ್ಯಾಂಪ್ ಲೈಟಿಂಗ್ ದಿನ” ಎಂದು ನಕ್ಕು ಬಂದಿದ್ದೆವು. ಅದೇ ಕಟ್ಟಡದಲ್ಲಿ ಇಂದಿನ ಜಗತ್ತಿನ ಯೋಗ ರೂಪುಗೊಂಡಿತ್ತು ಅಂತ ನಮಗೆ ಗೊತ್ತೇ ಇರಲಿಲ್ಲ.

ಕೃಷ್ಣಮಾಚಾರ್ಯರು ಕಟ್ಟಾ ಶ್ರೀವೈಷ್ಣವರು. ನಾಮ, ಜುಟ್ಟು, ಮಡಿ, ಎಲ್ಲ ಇದ್ದವರು. ಆದರೆ ಆ ಶಾಲೆ ಆಶ್ರಮ ಆಗಿರಲಿಲ್ಲ. ಅರಸು ಮನೆತನದ ಹುಡುಗರಿಗೆ ಮೈ ಗಟ್ಟಿಮಾಡುವ ಪಾಠವೂ ಅಲ್ಲಿತ್ತು. ಆ ಕಾಲದಲ್ಲಿ ಊರೆಲ್ಲ ಅಂಗಸಾಧನೆಯ ಹುಚ್ಚು. ಔಂಧ್ ಸಂಸ್ಥಾನದ ರಾಜರು 1928ರಲ್ಲಿ ಸೂರ್ಯನಮಸ್ಕಾರವನ್ನೇ ವ್ಯಾಯಾಮವಾಗಿ ಕಲಿಸುವ ಪುಸ್ತಕ ಬರೆದಿದ್ದರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತಿದ್ದರು. ‘ಶಾಂತಲಾ’ ಕಾದಂಬರಿ ಬರೆದ ಅದೇ ಕೆ.ವಿ. ಅಯ್ಯರ್! ಕನ್ನಡದವರಿಗೆ ಅವರು ಕಾದಂಬರಿಕಾರ. ಯೋಗದ ಇತಿಹಾಸ ಬರೆಯುವವರಿಗೆ ಅವರು ಬಾಡಿಬಿಲ್ಡಿಂಗ್ ಮತ್ತು ಆಸನ ಎರಡನ್ನೂ ಒಂದೇ ಕೋಣೆಗೆ ತಂದ ಮನುಷ್ಯ.

ಮಾರ್ಕ್ ಸಿಂಗಲ್‌ಟನ್ 2010ರ ತಮ್ಮ ಪುಸ್ತಕದಲ್ಲಿ ವಾದಿಸುವುದು ಇದನ್ನೇ: ಇಂದಿನ ಆಸನಪ್ರಧಾನ ಯೋಗದಲ್ಲಿ ಹಳೆಯ ಹಠಯೋಗದ ಜೊತೆಗೆ ಅಂದಿನ ಜಿಮ್ನಾಸ್ಟಿಕ್ಸು, ಕಸರತ್ತು ಸೇರಿಕೊಂಡಿದೆ. ಈ ಮಾತಿಗೆ ಕೋಪ ಮಾಡಿಕೊಂಡವರಿದ್ದಾರೆ. ನನಗೆ ಕೋಪ ಬರಲಿಲ್ಲ. ಮೈಸೂರು ಪಾಕಿಗೆ ಬೇಕಾದ ಕಡಲೆಹಿಟ್ಟು, ತುಪ್ಪ, ಸಕ್ಕರೆ ಮೊದಲೂ ಇದ್ದವು. ಪಾಕ ಹದಕ್ಕೆ ಬಂದಿದ್ದು ಮೈಸೂರಿನಲ್ಲಿ.

ಇನ್ನೊಂದು ಹೆಮ್ಮೆಯ ವಿಷಯ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಮೊದಲು ಬಂದಿದ್ದು ಕನ್ನಡದಲ್ಲಿ. 1941ರ ‘ಯೋಗಾಸನಗಳು’ ಕೂಡ ಕನ್ನಡದಲ್ಲೇ. ಇವತ್ತು ನ್ಯೂಯಾರ್ಕಿನವರು, ಟೋಕಿಯೋದವರು ಇಂಗ್ಲಿಷ್ ಅನುವಾದ ಹುಡುಕಿಕೊಂಡು ಓದುತ್ತಾರೆ.

ನರ್ಸ್ ಆಗಿ ಒಂದು ಮಾತು ಸೇರಿಸಲೇಬೇಕು. ಕೃಷ್ಣಮಾಚಾರ್ಯರು ಹೃದಯ ಬಡಿತವನ್ನೇ ನಿಲ್ಲಿಸುತ್ತಿದ್ದರು ಎಂದು ಹೇಳುತ್ತಾರಲ್ಲ, ಅದನ್ನು ಪರೀಕ್ಷಿಸಿದ್ದಾರೆ. 1935ರಲ್ಲಿ ಫ್ರಾನ್ಸಿನ ತೆರೇಸ್ ಬ್ರಾಸ್ ಎಂಬ ವೈದ್ಯೆ ಉಪಕರಣ ಹೊತ್ತು ಬಂದು ನೋಡಿದರು. 1961ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸ್ಪಷ್ಟವಾಯಿತು: ಉಸಿರು ಹಿಡಿದು ಎದೆಯ ಸ್ನಾಯು ಬಿಗಿದಾಗ ನಾಡಿ ಕೈಗೆ ಸಿಗದಂತಾಗುತ್ತದೆ, ಆದರೆ ಇಸಿಜಿ ಗೆರೆ ಮಾತ್ರ ಓಡುತ್ತಲೇ ಇರುತ್ತದೆ. ಹೃದಯ ನಿಂತಿರಲಿಲ್ಲ. ದೇಹದ ಮೇಲೆ ಅಷ್ಟು ಹಿಡಿತ ಇತ್ತಲ್ಲ, ಅದೇ ಸಾಕಷ್ಟು ಆಶ್ಚರ್ಯ. ಸುಳ್ಳು ಸೇರಿಸಬೇಕಾಗಿಲ್ಲ.

ಭಾಗ 4: ಮೂವರು ಶಿಷ್ಯರು, ಮೂರು ದಾರಿ

ಇಂದ್ರಾ ದೇವಿ. ಹುಟ್ಟುಹೆಸರು ಯೂಜೀನಿ ಪೀಟರ್ಸನ್, 1899ರಲ್ಲಿ ರೀಗಾದಲ್ಲಿ ಹುಟ್ಟಿದವರು. 1930ರ ದಶಕದ ಕೊನೆಯಲ್ಲಿ ಮೈಸೂರಿಗೆ ಬಂದು ಕಲಿಸಿ ಎಂದು ಕೇಳಿದಾಗ ಕೃಷ್ಣಮಾಚಾರ್ಯರು ಒಪ್ಪಲಿಲ್ಲ. ಹೆಂಗಸು, ಅದೂ ಪರದೇಶದವಳು. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಮೇಲೆ ನೀನೇ ಹೋಗಿ ಕಲಿಸು ಎಂದು ಅವರೇ ಕಳಿಸಿದರು. ಆಕೆ ಶಾಂಘೈನಲ್ಲಿ ಕಲಿಸಿ, 1947ರಲ್ಲಿ ಹಾಲಿವುಡ್‌ನಲ್ಲಿ ಸ್ಟುಡಿಯೋ ತೆರೆದರು. ಸಿನಿಮಾ ತಾರೆಯರು ಬಂದರು. ಆಕೆ ಕಲಿಸಿದ್ದು ಆರೋಗ್ಯ, ಯೌವನ, ನೆಮ್ಮದಿಯ ಯೋಗ. ದೇವರ ಮಾತು ಹಿಂದಕ್ಕೆ ಸರಿಯಿತು.

ಬಿ.ಕೆ.ಎಸ್. ಅಯ್ಯಂಗಾರ್. 1918ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಆ ವರ್ಷ ಅಂದರೆ ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷ, ಹೆರಿಗೆಯ ಹೊತ್ತಿಗೆ ತಾಯಿಗೂ ಅದೇ ಜ್ವರ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ. ಒಂಬತ್ತನೇ ವಯಸ್ಸಿಗೆ ತಂದೆ ಇಲ್ಲ. ಇವತ್ತು ಅಂಥ ಹುಡುಗ ವಾರ್ಡಿಗೆ ಬಂದರೆ ನಾವು ತೂಕ ನೋಡಿ ನಿಟ್ಟುಸಿರು ಬಿಡುತ್ತೇವೆ. ಅವರ ಅಕ್ಕನನ್ನು ಕೃಷ್ಣಮಾಚಾರ್ಯರಿಗೆ ಕೊಟ್ಟಿತ್ತು. ಆ ನಂಟಿನಿಂದ 1934ರಲ್ಲಿ ಮೈಸೂರಿಗೆ ಬಂದರು. ಎರಡು ವರ್ಷದಲ್ಲಿ ಧಾರವಾಡದಲ್ಲಿ ಹೆಂಗಸರಿಗೆ ಕಲಿಸುವ ಕೆಲಸ ಇವರ ಪಾಲಿಗೆ ಬಂತು, ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವರು ಇವರೇ ಅಂತ. 1937ರಲ್ಲಿ ಪುಣೆ. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಭೇಟಿ. ಅಲ್ಲಿಂದ ಯುರೋಪಿನ ಬಾಗಿಲು ತೆರೆಯಿತು. 1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ ಇವತ್ತಿಗೂ ಸ್ಟುಡಿಯೋಗಳ ಕಪಾಟಿನಲ್ಲಿದೆ.

ನನ್ನ ಪ್ರಶ್ನೆಗೆ ಹತ್ತಿರದ ಘಟನೆ ನಡೆದದ್ದು ಲಂಡನ್ನಿನಲ್ಲಿ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಶಿಕ್ಷಣ ಪ್ರಾಧಿಕಾರ ಸಂಜೆ ತರಗತಿಗಳಲ್ಲಿ ಅಯ್ಯಂಗಾರರ ಪದ್ಧತಿಗೆ ಜಾಗ ಕೊಟ್ಟಿತು. ಒಂದು ಷರತ್ತು: ಆಸನ, ಪ್ರಾಣಾಯಾಮ ಇರಲಿ, ತತ್ತ್ವಶಾಸ್ತ್ರ ಬೇಡ. ಅಯ್ಯಂಗಾರರು ಒಪ್ಪಿಕೊಂಡರು. ಯೋಗದಿಂದ ಧರ್ಮವನ್ನು ಪಶ್ಚಿಮದವರು ಕಿತ್ತುಹಾಕಿದರು ಎಂದು ಬಯ್ಯುವಾಗ ನಾವು ಈ ಒಪ್ಪಂದವನ್ನು ಮರೆಯುತ್ತೇವೆ. ಅದಕ್ಕೆ ಒಂದು ಕಡೆಯಿಂದ ಒಪ್ಪಿದವರು ನಮ್ಮ ಕೋಲಾರ ಜಿಲ್ಲೆಯವರು. ಅವರು ಪ್ರಾರ್ಥನೆ ಬಿಟ್ಟವರೂ ಅಲ್ಲ. ಅವರ ಹೆಸರಿನ ತರಗತಿಗಳು ಇವತ್ತಿಗೂ ಬಹಳ ಕಡೆ ಪತಂಜಲಿಯ ಸ್ತುತಿಯಿಂದಲೇ ಶುರುವಾಗುತ್ತವೆ. ಮೊದಲು ಮೈ ಬಗ್ಗಲಿ, ಮನಸ್ಸು ತಾನಾಗಿ ಬರುತ್ತದೆ ಎನ್ನುವ ದಾರಿ ಅವರದು.

ಕೆ. ಪಟ್ಟಾಭಿ ಜೋಯಿಸ್. 1915ರಲ್ಲಿ ಹುಟ್ಟಿದ್ದು ಹಾಸನದ ಪಕ್ಕದ ಕೌಶಿಕದಲ್ಲಿ. 1927ರಲ್ಲಿ ಹಾಸನದ ಜ್ಯೂಬಿಲಿ ಹಾಲಿನಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಶಿಷ್ಯನಾದ ಹುಡುಗ. ಸಂಸ್ಕೃತ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಮೈಸೂರಿನ ಲಕ್ಷ್ಮೀಪುರಂನಲ್ಲಿ ಯೋಗ ಕಲಿಸಿದರು. ಅವರ ‘ಯೋಗಮಾಲಾ’ 1962ರಲ್ಲಿ ಬಂದಿದ್ದೂ ಕನ್ನಡದಲ್ಲಿ. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸೆಬೆತ್ ಬಂದು ಕಲಿತು ಹೋದ ಮೇಲೆ ವಿದೇಶಿಯರ ಸಾಲು ಶುರುವಾಯಿತು. 1975ರಲ್ಲಿ ಜೋಯಿಸರೇ ಕ್ಯಾಲಿಫೋರ್ನಿಯಾದ ಎನ್ಸಿನಿಟಸ್ ಊರಿಗೆ ಹೋದರು. ಒನ್-ನಾರ್ತ್‌ನ ಬೋರ್ಡಿನ ‘ಮೈಸೂರು ಸ್ಟೈಲ್’ ಅವರಿಂದ ಬಂದದ್ದು. ಅವರು 2009ರಲ್ಲಿ ತೀರಿಕೊಂಡರು. ಮುಂದೆ, ಆಸನ ಸರಿಪಡಿಸುವ ನೆಪದಲ್ಲಿ ತಮ್ಮನ್ನು ಕೆಟ್ಟದಾಗಿ ಮುಟ್ಟಿದರು ಎಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಕ್ಷಮೆ ಕೇಳಿದರು. ಇದನ್ನು ಬಿಟ್ಟು ಬರೆದರೆ ನಾನು ಮತ್ತೆ ಅರ್ಧ ಮುಚ್ಚಿಟ್ಟ ಹಾಗೆ. ಒಪ್ಪಿಗೆ ಕೇಳದೆ ಮೈ ಮುಟ್ಟಬಾರದು. ವಾರ್ಡಿಗೂ ಅದೇ ನಿಯಮ, ಯೋಗಶಾಲೆಗೂ ಅದೇ.

ಭಾಗ 5: ಪದ್ಮಾಸನ ಕೋರ್ಟಿಗೆ ಹೋದ ಕಥೆ

ಎನ್ಸಿನಿಟಸ್ ಹೆಸರು ನೆನಪಿಡಿ ಅಂತ ಹೇಳಬೇಕಿತ್ತು. 2012ರಲ್ಲಿ ಅದೇ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಯೋಗ ಕಲಿಸಲು ಒಂದು ಪ್ರತಿಷ್ಠಾನ 5 ಲಕ್ಷ 33 ಸಾವಿರ ಡಾಲರ್ ಕೊಟ್ಟಿತು. ಅದರ ಹೆಸರು ಜೋಯಿಸ್ ಫೌಂಡೇಷನ್. ಕೌಶಿಕದ ಹುಡುಗನ ಹೆಸರು! ಕೆಲವು ಪೋಷಕರು ಇದು ಹಿಂದೂ ಧರ್ಮದ ಬೋಧನೆ ಎಂದು ತಕರಾರು ತೆಗೆದರು, ಕೇಸು ಹಾಕಿದರು.

ಶಾಲೆಯವರು ಆ ಹೊತ್ತಿಗಾಗಲೇ ಸಂಸ್ಕೃತದ ಹೆಸರುಗಳನ್ನು ತೆಗೆದಿದ್ದರು. ಪದ್ಮಾಸನಕ್ಕೆ ಅಲ್ಲಿನ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂರುವಾಗ ಹೇಳುವ ಮಾತೇ ಹೆಸರಾಯಿತು: ‘ಕ್ರಿಸ್ ಕ್ರಾಸ್ ಆಪಲ್‌ಸಾಸ್’. 2013ರ ಜುಲೈನಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟರು. ಯೋಗಕ್ಕೆ ಧಾರ್ಮಿಕ ಬೇರುಗಳಿವೆ ಎಂದು ಅವರು ಒಪ್ಪಿಕೊಂಡರು. ಆದರೆ ಈ ಶಾಲೆಗಳಲ್ಲಿ ಕಲಿಸುತ್ತಿರುವುದು ಧರ್ಮಬೋಧನೆ ಅಲ್ಲ ಎಂದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಅಲಬಾಮಾ ರಾಜ್ಯದಲ್ಲಿ 1993ರಿಂದ ಸರ್ಕಾರಿ ಶಾಲೆಗಳಲ್ಲಿ ಯೋಗಕ್ಕೆ ನಿಷೇಧವಿತ್ತು. 2021ರಲ್ಲಿ ಕಾನೂನು ಬದಲಾಯಿತು: ಆಸನ ಮಾಡಬಹುದು, ಹೆಸರು ಇಂಗ್ಲಿಷಿನಲ್ಲಿರಬೇಕು, ಮಂತ್ರ ಕೂಡದು, ನಮಸ್ತೆ ಅನ್ನಲೂ ಕೂಡದು.

ಇಲ್ಲಿಗೆ ಸೇತುವೆ ದಾಟಿದರೆ ಸಿಗುವ ಮಲೇಷ್ಯಾದಲ್ಲಿ 2008ರ ನವೆಂಬರಿನಲ್ಲಿ ರಾಷ್ಟ್ರೀಯ ಫತ್ವಾ ಮಂಡಳಿ ಮುಸ್ಲಿಮರಿಗೆ ಯೋಗ ಸಲ್ಲದು ಎಂದಿತು. ಕೆಲವೇ ದಿನಗಳಲ್ಲಿ ಆಗಿನ ಪ್ರಧಾನಿ ಅಬ್ದುಲ್ಲಾ ಬದಾವಿ, ಮಂತ್ರ ಇಲ್ಲದೆ ಬರೀ ವ್ಯಾಯಾಮವಾಗಿ ಮಾಡಿದರೆ ಅಡ್ಡಿಯಿಲ್ಲ ಎಂದರು. ಕಾಕ್ ಕೇಳಿದ ಪ್ರಶ್ನೆಯ ಹಿಂದೆ ಈ ಗಲಾಟೆಯ ನೆನಪೂ ಇದ್ದಿರಬೇಕು.

ಇನ್ನೊಂದು ಕಡೆ ಅಮೆರಿಕದ ಹಿಂದೂಗಳ ನೋವು. 2010ರಲ್ಲಿ ಹಿಂದೂ ಅಮೆರಿಕನ್ ಫೌಂಡೇಷನ್ ‘ಟೇಕ್ ಬ್ಯಾಕ್ ಯೋಗ’ ಎಂಬ ಅಭಿಯಾನ ನಡೆಸಿತು. ಹಿಂದೂಗಳಷ್ಟೇ ಯೋಗ ಮಾಡಬೇಕು ಅಂತ ಅವರು ಹೇಳಲಿಲ್ಲ. ಮೂಲವನ್ನು ಒಪ್ಪಿಕೊಳ್ಳಿ ಅಂದರು, ಅಷ್ಟೇ. ದೀಪಕ್ ಚೋಪ್ರಾ ಅದನ್ನು ಒಪ್ಪಲಿಲ್ಲ, ಪತ್ರಿಕೆಯಲ್ಲೇ ವಾದ ನಡೆಯಿತು.

ನಮ್ಮ ದೇಶದ ನಿಲುವೂ ನೇರವಾಗಿಲ್ಲ. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ತಂದ ಯೋಗ ದಿನದ ನಿರ್ಣಯಕ್ಕೆ 177 ದೇಶಗಳು ಸಹಪ್ರಾಯೋಜಕರಾದವು. ಯೋಗ ಇಡೀ ಜಗತ್ತಿನದು ಎಂದು ನಾವೇ ಹೇಳಿದೆವು. ಮರುವರ್ಷ ಮೊದಲ ಯೋಗ ದಿನ ಬಂದಾಗ ಮುಸ್ಲಿಂ ಸಂಘಟನೆಗಳ ಆಕ್ಷೇಪ ಎದ್ದಿತು. ಆವತ್ತಿನ ಕಾರ್ಯಕ್ರಮದಲ್ಲಿ ಸೂರ್ಯನಮಸ್ಕಾರ ಇರಲಿಲ್ಲ. ಬೇಕಾದಾಗ ಎಲ್ಲರದು, ಬೇಕಾದಾಗ ನಮ್ಮದು. ಆ ಸೋಮವಾರ ನಾನು ಪ್ಯಾಂಟ್ರಿಯಲ್ಲಿ ಮಾಡಿದ್ದೂ ಅದನ್ನೇ. ಬೋರ್ಡು ನೋಡಿದಾಗ ‘ನಮ್ಮೂರಿನದು’ ಎಂದು ಬೀಗಿದ್ದೆ. ಪ್ರಶ್ನೆ ಬಂದಾಗ ‘ಬರೀ ವ್ಯಾಯಾಮ’ ಎಂದು ಜಾರಿಕೊಂಡಿದ್ದೆ.

ಭಾಗ 6: ದೀಪ

ಇದೆಲ್ಲ ಓದುವಾಗ ನನ್ನದೇ ಒಂದು ಹಳೆಯ ಫೋಟೋ ನೆನಪಾಯಿತು. ಲ್ಯಾಂಪ್ ಲೈಟಿಂಗ್ ದಿನದ್ದು. ಬಿಳಿ ಯೂನಿಫಾರ್ಮು, ಕೈಯಲ್ಲಿ ಉರಿಯುವ ಮೇಣದಬತ್ತಿ, ನೈಟಿಂಗೇಲ್ ಪ್ರತಿಜ್ಞೆ. ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಪ್ರತಿಜ್ಞೆ ಬರೆದದ್ದು 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ವಿವೇಕಾನಂದರು ಷಿಕಾಗೋದಲ್ಲಿ ಮಾತಾಡಿದ್ದೂ ಅದೇ ವರ್ಷ. ಅದರ ಮೂಲ ರೂಪ ಶುರುವಾಗುವುದು ದೇವರನ್ನು ಸಾಕ್ಷಿಯಾಗಿಟ್ಟು. ಯಾವ ದೇವರು ಎಂದು ಬರೆದವರಿಗೆ ಅನುಮಾನ ಇರಲಿಲ್ಲ. ಸ್ವತಃ ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಕಲಿತದ್ದು ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ, ಕ್ರೈಸ್ತ ಸೇವಕಿಯರ ಸಂಸ್ಥೆಯಲ್ಲಿ. ನಮ್ಮೂರಿನ ಆಸ್ಪತ್ರೆಗಳಲ್ಲಿ ಇವತ್ತಿಗೂ ನರ್ಸ್‌ಗಳನ್ನು ‘ಸಿಸ್ಟರ್’ ಅನ್ನುತ್ತಾರಲ್ಲ, ಆ ಮಾತಿನ ಬೇರು ಸನ್ಯಾಸಿನಿಯರ ಮಠದಲ್ಲಿದೆ. ಹಾಸನ ಜಿಲ್ಲೆಯ ಒಕ್ಕಲಿಗರ ಮನೆಯ ಹುಡುಗಿ ಆ ಮೇಣದಬತ್ತಿ ಹಿಡಿದಳು. ಅವಳು ಮತಾಂತರವಾದಳು ಅಂತ ನಮ್ಮೂರಲ್ಲಿ ಯಾರೂ ಅನ್ನಲಿಲ್ಲ. ನರ್ಸಿಂಗ್ ಕ್ರೈಸ್ತರಿಂದ ಬಂದದ್ದೇ ಅಲ್ಲ ಎಂದು ಯಾರೂ ಸುಳ್ಳೂ ಹೇಳಲಿಲ್ಲ. ಬೇರು ಅವರದು, ಕೆಲಸ ಎಲ್ಲರದು. ಎರಡೂ ಮಾತು ಒಟ್ಟಿಗೆ ನಿಜವಾಗಲು ಏನೂ ಅಡ್ಡಿಯಿರಲಿಲ್ಲ.

ಯೋಗಕ್ಕೂ ಅಷ್ಟೇ ಎಂದು ನನಗೆ ಅನ್ನಿಸುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಮೇಣದಬತ್ತಿ ಹಿಡಿಯುವಾಗ ಅದರ ಮೂಲ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಆತೆ ಕೇಳಿದಳು. ಕೇಳಿದವರಿಗೆ ಪೂರ್ತಿ ಹೇಳಬೇಕು.

ಕೃಷ್ಣಮಾಚಾರ್ಯರ ಬಗ್ಗೆ ಒಂದು ಮಾತು ಪ್ರಚಲಿತವಿದೆ. ತಮ್ಮ ಹತ್ತಿರ ಬಂದವರಿಗೆ, ಕಣ್ಣು ಮುಚ್ಚಿ ದೇವರನ್ನು ನೆನೆ, ಆಗದಿದ್ದರೆ ಸೂರ್ಯನನ್ನು ನೆನೆ, ಅದೂ ಆಗದಿದ್ದರೆ ತಂದೆ ತಾಯಿಯನ್ನು ನೆನೆ ಎನ್ನುತ್ತಿದ್ದರಂತೆ. ಮಡಿ ಬಿಡದ ಆಚಾರ್ಯರು ಬೇರೆಯವರಿಗೆ ಬಿಟ್ಟ ಜಾಗ ಅದು. ತಮ್ಮ ನಾಮ ಅಳಿಸಲಿಲ್ಲ, ಇನ್ನೊಬ್ಬರ ಹಣೆಗೆ ಹಚ್ಚಲೂ ಇಲ್ಲ.

ಮುಂದಿನ ವಾರ ಆಫ್ಟರ್‌ನೂನ್ ಶಿಫ್ಟ್ ಮುಗಿಸಿ ಬಸ್‌ಸ್ಟಾಪಿನಲ್ಲಿ ಆತೆಗೆ ಎಲ್ಲ ಹೇಳಿದೆ. “ನಾನು ಅವತ್ತು ಹೇಳಿದ್ದು ಸುಳ್ಳು. ಶುರುವಿನಲ್ಲಿ ಹೇಳುವುದು ಪ್ರಾರ್ಥನೆಯೇ. ಅರ್ಥ ಇದು. ಆಸನಗಳು ದೇವರನ್ನು ಹುಡುಕಿದವರಿಂದ ಬಂದವು, ಆಮೇಲೆ ಕಸರತ್ತಿನವರ ಕೈಯಲ್ಲೂ ಬೆಳೆದವು. ನಿನ್ನ ಸೊಂಟಕ್ಕೆ ಒಳ್ಳೆಯದಾಗಬಹುದು, ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಹಳೆಯ ಸೊಂಟನೋವಿಗೆ ಮೊದಲು ಮಾಡಿನೋಡಬಹುದಾದ್ದರಲ್ಲಿ ಯೋಗವನ್ನೂ ಸೇರಿಸಿದೆ. ಪ್ರಾರ್ಥನೆ ಹೇಳಲೇಬೇಕು ಅಂತಿಲ್ಲ. ಬೇಡ ಅನ್ನಿಸಿದರೆ ಬಿಡು, ನನಗೇನೂ ಬೇಜಾರಿಲ್ಲ.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಬಸ್ ಬಂತು. ಹತ್ತುವಾಗ ಹೇಳಿದಳು, “ಮೊದಲೇ ಹೀಗೆ ಹೇಳಿದ್ದಿದ್ದರೆ ನಾನು ಓಡಿಹೋಗುತ್ತಿರಲಿಲ್ಲ. ಬರೀ ವ್ಯಾಯಾಮ ಅಂದೆಯಲ್ಲ, ಆಗ ಅನುಮಾನ ಹೆಚ್ಚಾಯಿತು.”

ಕಾಕ್ ಬರಲಿಲ್ಲ. “ಕೇಳಿ ತಿಳಿದುಕೊಂಡೆ, ನನಗೆ ಬೇಡ. ನಾನು ಈಜಲು ಹೋಗುತ್ತೇನೆ” ಎಂದರು. ಅದೂ ಉತ್ತರವೇ. ನಾವಿಬ್ಬರೂ ಈಗಲೂ ಒಟ್ಟಿಗೇ ಟೀ ಕುಡಿಯುತ್ತೇವೆ.

ಆತೆ ಎರಡು ವಾರ ಬಿಟ್ಟು ಬಂದಳು. ಈಗ ಪ್ರತಿ ಶನಿವಾರ ಬರುತ್ತಾಳೆ, ಐದು ನಿಮಿಷ ತಡವಾಗಿ. ಒಳಗೆ ಶ್ಲೋಕ ಮುಗಿಯುವವರೆಗೆ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತಿರುತ್ತಾಳೆ. ಗಾಜಿನ ಬಾಗಿಲಲ್ಲಿ ನನಗೆ ಕಾಣುತ್ತಾಳೆ. ಅವಳ ತುಟಿಯೂ ಅಲುಗುತ್ತಿರುತ್ತದೆ. ಏನು ಹೇಳುತ್ತಾಳೆ ಎಂದು ನಾನು ಕೇಳಿಲ್ಲ. ಶ್ಲೋಕ ಮುಗಿದ ಮೇಲೆ ಒಳಗೆ ಬಂದು ನನ್ನ ಪಕ್ಕ ಮ್ಯಾಟ್ ಹಾಸುತ್ತಾಳೆ. ಟೀಚರ್ ಏನೂ ಅನ್ನುವುದಿಲ್ಲ, ಅವಳಿಗಾಗಿ ಆ ಜಾಗ ಖಾಲಿ ಬಿಟ್ಟಿರುತ್ತಾಳೆ.

ಮೈಸೂರಿನಲ್ಲಿರುವವರು ಇನ್ನೊಮ್ಮೆ ಜಗನ್ಮೋಹನಕ್ಕೆ ಹೋದರೆ, ದೀಪದ ಹೆಂಗಸನ್ನು ನೋಡಿದ ಮೇಲೆ ಆ ಯೋಗಶಾಲೆಯನ್ನೂ ಒಂದು ನಿಮಿಷ ನೆನೆಸಿಕೊಳ್ಳಿ. ನನಗೆ ನಾಳೆಯಿಂದ ನಾಲ್ಕು ನೈಟ್ ಡ್ಯೂಟಿ. ಮುಂದಿನ ಸರಣಿ ಅದಾದ ಮೇಲೆ.